ತಲಬಾಗಿಲ ಕದದ ಮೇಲೆ ಹನ್ನೆರಡು ಮಾತ್ರೆ

ಬೇಸಿಗೆ ಬಂತೆಂದರೆ ಪಿಯಾನೋದ ಕೆಳಗಿನ ಹಲಗೆ ಬಿಚ್ಚಿ, ಒಳಗೊಂದು ಸ್ಟೀಲ್ ಪಾತ್ರೆಯಲ್ಲಿ ನೀರಿಡುವುದು ನನ್ನ ರೂಢಿ. ಕೊಟ್ಟೂರಿನ ಒಣಗಾಳಿಗೆ ಮರ ಬಿರಿದು, ತಂತಿ ಸುತ್ತಿದ ಉಕ್ಕಿನ ಗೂಟಗಳು ಹಿಡಿತ ಬಿಡುತ್ತವೆ. ನೀರಿನ ಪಸೆ ಅದನ್ನು ಸ್ವಲ್ಪ ತಡೆಯುತ್ತದೆ. ಆ ವರ್ಷ ನಾನು ನೀರಿಡಲಿಲ್ಲ. ಇನ್ನು ಯಾರು ಕೇಳಬೇಕಾಗಿದೆ ಎಂಬ ಬೇಸರ. ಬಲಗೈಯ ಉಂಗುರದ ಬೆರಳು ಬೇರೆ, ಒಮ್ಮೆ ಮಡಚಿದರೆ ಹಾಗೇ ಸಿಕ್ಕಿಬಿದ್ದು, ಎಡಗೈಯಿಂದ ಬಿಡಿಸಬೇಕಾಗುತ್ತಿತ್ತು. ಹೊಸಪೇಟೆಯ ಡಾಕ್ಟರು "ಟ್ರಿಗರ್ ಫಿಂಗರ್, ಮೇಡಂ. ಅದಕ್ಕೆ ರೆಸ್ಟ್ ಕೊಡಿ" ಎಂದಿದ್ದರು. ಕೊಟ್ಟೆ. ನನಗೂ ರೆಸ್ಟೇ ಬೇಕಾಗಿತ್ತು.

ಆಗಲೇ ಫೋನ್ ಬಂತು. "ಮಿಸ್, ನಾನು" ಎಂದಳು. ಹೆಸರು ಹೇಳುವ ಮೊದಲೇ ಗುರುತು ಸಿಕ್ಕಿತು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಮ್ಯೂಸಿಕ್ ಹೇಳಿಕೊಡುತ್ತಿದ್ದಾಗ, ಹರಪನಹಳ್ಳಿ ಕಡೆಯಿಂದ ಹಾಸ್ಟೆಲ್ಲಿಗೆ ಬಂದು ಸೇರಿದ ಹುಡುಗಿ. ನಾನು ಪಿಯಾನೋ ನುಡಿಸಿದರೆ ಬೆಂಚಿನ ಕೆಳಗೆ ಕಾಲು ಬಡಿಯುತ್ತಿದ್ದಳು, ನಾನು ಸ್ಕೇಲಿನಿಂದ ಮೊಣಕಾಲಿಗೆ ಒಂದು ಕೊಡುತ್ತಿದ್ದೆ. ಈಗ ಅವಳಿಗೆ ನಲವತ್ತರ ಹತ್ತಿರ. ಸ್ಪೇನ್ ದೇಶಕ್ಕೆ ಹೋಗಿ ಕೆಲವು ವರ್ಷ ಫ್ಲಾಮೆಂಕೊ ಕಲಿತು ಬಂದಿದ್ದಾಳೆ. ಅಡಿಗೆ ಸಣ್ಣ ಮೊಳೆ ಹೊಡೆದ ಬೂಟು ಹಾಕಿಕೊಂಡು, ಕಾಲನ್ನೇ ವಾದ್ಯ ಮಾಡಿಕೊಂಡು ಆಡುವ ನೃತ್ಯ ಅದು.

ಕೊಟ್ಟೂರಿನ ಒಂದು ಹೈಸ್ಕೂಲಿನ ಜ್ಯೂಬಿಲಿಗೆ ಅವಳನ್ನು ಕರೆದಿದ್ದರು. ನಾನು ಪಿಯಾನೋ ನುಡಿಸಬೇಕು, ಅವಳು ಆಡಬೇಕು. ಸ್ಪೇನಿನ ಒಬ್ಬ ಸಂಯೋಜಕ ನೂರು ವರ್ಷಕ್ಕೂ ಹಿಂದೆ ಪಿಯಾನೋಗೆಂದೇ ಬರೆದ ಒಂದು ತುಣುಕನ್ನು ನಾನು ಕಾನ್ವೆಂಟಿನಲ್ಲಿ ನುಡಿಸುತ್ತಿದ್ದೆ. ಅದೇ ಬೇಕಂತೆ.

"ಗಿಟಾರಿನವರನ್ನ ಕರ್ಕೊಂಡು ಬಾರಮ್ಮ," ಎಂದೆ. "ಐ ಆಮ್ ಟೂ ಓಲ್ಡ್. ಪಿಯಾನೋನೂ ಓಲ್ಡ್."

"ಮಿಸ್, ಅಪ್ಪ ನನ್ನ ಡ್ಯಾನ್ಸ್ ಒಂದು ಸಲಾನೂ ನೋಡಿಲ್ಲ. ಬೆಂಗಳೂರಿಗೆ ಬರಂಗಿಲ್ಲ, ದಾವಣಗೆರೆಗೂ ಬರಂಗಿಲ್ಲ ಅಂತಾರ. ಕೊಟ್ಟೂರಾದ್ರ ಬಂದೇನು, ಅಟ್ಟ ನಾನೇ ಕಟ್ಟತೀನಿ ಅಂದಾರ. ಇದೊಂದೇ ಸಲ ಮಿಸ್. ಅವರು ಮುಂದಿನ ಸಾಲಿನಾಗ ಕುಂತು ನೋಡ್ಬೇಕು."

ಅವಳ ತಂದೆ ಬಯಲಾಟದ ಮೇಷ್ಟ್ರು. ಆಟ ಕಲಿಸುವವರೂ ಅವರೇ, ಆಟ ಆಡುವ ಮರದ ವೇದಿಕೆಗೆ, ಅಂದರೆ ಅಟ್ಟಕ್ಕೆ, ಹಲಗೆ ಜೋಡಿಸುವವರೂ ಅವರೇ. ಸರಿ, ಬಾ ಎಂದೆ.

ಮೂರು ವಾರ ಇತ್ತು. ಮೊದಲ ವಾರ ಪೂರ್ತಿ ಪಿಯಾನೋಗೆ ಹೋಯಿತು. ಕಾನ್ವೆಂಟಿನವರು ಎಲೆಕ್ಟ್ರಾನಿಕ್ ಕೀಬೋರ್ಡ್ ಕೊಂಡಾಗ ನನಗೆ ಬಿಟ್ಟುಕೊಟ್ಟ ಅಪ್‌ರೈಟ್ ಪಿಯಾನೋ ಇದು. ಶ್ರುತಿ ಮಾಡುವವರು ಈ ಸೀಮೆಯಲ್ಲಿ ಇಲ್ಲ. ಗೂಟ ತಿರುಗಿಸುವ ಲಿವರ್ ಹಿಡಿದು ನಾನೇ ಮಾಡಬೇಕು. ಒಂದೊಂದು ಸ್ವರಕ್ಕೂ ಮೂರು ತಂತಿ. ಎರಡಕ್ಕೆ ಫೆಲ್ಟ್ ಪಟ್ಟಿ ತುರುಕಿ ಬಾಯಿ ಮುಚ್ಚಿಸಿ, ಒಂದನ್ನು ಮಾತ್ರ ಎಳೆಯಬೇಕು. ಆಮೇಲೆ ಉಳಿದೆರಡನ್ನು ಅದಕ್ಕೆ ಸೇರಿಸಬೇಕು. ನಿಗದಿತ ಶ್ರುತಿಗೆ ಎಳೆದರೆ ಹಳೆಯ ತಂತಿ ತಡೆಯದು ಎಂದು ಇಡೀ ವಾದ್ಯವನ್ನೇ ಅರ್ಧ ಸ್ವರ ಕೆಳಗಿಳಿಸಿದೆ. ಆದರೂ ಮಂದ್ರದ ಎರಡು ತಂತಿ ಪಟ್ಟನೆ ಹರಿದವು. ಒಂದು ಕೆನ್ನೆಗೆ ಬಡಿದು ಗೆರೆ ಮೂಡಿಸಿತು. ಸುತ್ತಿಗೆಗಳ ಫೆಲ್ಟ್ ಕಲ್ಲಾಗಿತ್ತು, ಕೌದಿ ಹೊಲಿಯುವ ಸೂಜಿಯಿಂದ ಚುಚ್ಚಿ ಚುಚ್ಚಿ ಮೆತ್ತಗೆ ಮಾಡಿದೆ. ಸಂಜೆಯಾಗುವಷ್ಟರಲ್ಲಿ ಸೊಂಟ ಎದ್ದೇಳುತ್ತಿರಲಿಲ್ಲ. ನೀರಿನ ಪಾತ್ರೆ ಇಟ್ಟಿದ್ದರೆ ಈ ಕೆಲಸದಲ್ಲಿ ಅರ್ಧ ಉಳಿಯುತ್ತಿತ್ತು ಎಂಬುದು ಪ್ರತಿ ಗೂಟ ತಿರುಗಿಸುವಾಗಲೂ ನೆನಪಾಗುತ್ತಿತ್ತು.

ಎರಡನೆಯ ವಾರ ಅವಳು ಬಂದು ನನ್ನ ಮನೆಯಲ್ಲೇ ಉಳಿದಳು. ನಡುಮನೆಯದು ಕಡಪ ಕಲ್ಲಿನ ನೆಲ. ಅದರ ಮೇಲೆ ಜೋರಾಗಿ ಹೊಡೆದರೆ ಮೊಣಕಾಲು ಹೋಗುತ್ತದೆ ಎಂದು ಬೂಟು ಬಿಚ್ಚಿಟ್ಟು, ಹೆಜ್ಜೆಯ ಗುರುತು ಮಾತ್ರ ಹಾಕುತ್ತಿದ್ದಳು. ತೊಂದರೆ ಬಂದದ್ದು ಅಲ್ಲೇ. ಅವಳ ಕಾಲಿಗೆ ಹನ್ನೆರಡು ಮಾತ್ರೆಯ ಆವರ್ತ. ಮೂರು, ಆರು, ಎಂಟು, ಹತ್ತು, ಹನ್ನೆರಡಕ್ಕೆ ಪೆಟ್ಟು. ಒಂದು ಕೂದಲೆಳೆಯೂ ಆಚೀಚೆ ಆಗುವಂತಿಲ್ಲ. ನನಗೆ ಕಲಿಸಿದ ಸಿಸ್ಟರ್, ಸಾಲಿನ ಕೊನೆಗೆ ಬಂದಾಗ ಚೂರು ನಿಧಾನಿಸು, ಹಾಡುವವರು ಉಸಿರು ತೆಗೆದುಕೊಳ್ಳುವಂತೆ, ಎಂದು ಹೇಳಿಕೊಟ್ಟಿದ್ದರು. ಐವತ್ತು ವರ್ಷದ ರೂಢಿ ಎಲ್ಲಿ ಹೋಗುತ್ತದೆ?

"ಮಿಸ್, ನೀವು ಉಸಿರು ತಗೊಂತೀರಿ. ನನ್ನ ಕಾಲು ತಗೊಳ್ಳಂಗಿಲ್ಲ."

"ತಗೊಳ್ಳೋದು ಕಲಿ."

"ಕಲಿತ್ರೆ ನನ್ನ ಟೀಚರ್ ಸ್ಪೇನಿಂದ ಬಂದು ಹೊಡೀತಾರ."

"ಅಷ್ಟು ದೂರದಿಂದ ಬರೋದು ಬೇಡ. ನನ್ನ ಸ್ಕೇಲು ಇಲ್ಲೇ ಇದೆ."

ನಕ್ಕೆವು. ಆದರೆ ಕೆಲಸ ಮುಂದೆ ಸಾಗಲಿಲ್ಲ. ನಾಲ್ಕು ದಿನ ಅದೇ ಎರಡು ಪುಟ. ಕೊನೆಗೆ ನಾನೇ ಸೋತು, ಪೆನ್ಸಿಲಿನಲ್ಲಿ ಪ್ರತಿ ಸಾಲಿನ ಮೇಲೂ ಅಂಕಿ ಬರೆದುಕೊಂಡು, ಬಾಯಲ್ಲಿ ಎಣಿಸಿಕೊಂಡೇ ನುಡಿಸಲು ಕಲಿತೆ. ಮೂರನೆಯ ಸುತ್ತಿನಲ್ಲಿ ಉಂಗುರದ ಬೆರಳಿಗೆ ಒಂದು ಕಷ್ಟದ ಓಟ ಇತ್ತು. ಅಲ್ಲಿ ಬೆರಳು ಬದಲಿಸಿಕೊಂಡೆ. ಬದಲಿಸಿದ್ದು ಕೈಗೆ ಕೂರಲು ಮತ್ತೆ ಎರಡು ದಿನ. ಎಪ್ಪತ್ತನಾಲ್ಕರಲ್ಲಿ ಬೆರಳು ಬದಲಿಸುವುದೆಂದರೆ ಸಹಿ ಬದಲಿಸಿದ ಹಾಗೆ.

ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಮೇಷ್ಟ್ರು ಟ್ರ್ಯಾಕ್ಟರಿನಲ್ಲಿ ಹಲಗೆ ಹೇರಿಕೊಂಡು ಬಂದರು. ಬಡಕಲು ಮೈ, ಬಿಳಿ ರುಮಾಲು, ದೊಡ್ಡ ಪಾದ. ಶಾಲೆಯ ಬಯಲಿನಲ್ಲಿ ಗೂಟ ಹುಗಿಸಿ, ಇಬ್ಬರು ಬಡಿಗೇರರನ್ನು ಇಟ್ಟುಕೊಂಡು ಅಟ್ಟ ಕಟ್ಟಿದರು. ಮೊಳೆ ಹೊಡೆಯುವ ಮೊದಲು ಒಂದೊಂದು ಹಲಗೆಯನ್ನೂ ಗೆಣ್ಣಿನಿಂದ ಕುಟ್ಟಿ ಕೇಳುತ್ತಿದ್ದರು. ಭೀಮನ ಪಾತ್ರದವನು ಹೆಜ್ಜೆ ಹಾಕಿದರೆ ಕೊನೆಯಲ್ಲಿ ಕುಳಿತ ಮುದುಕಿಗೂ ಕೇಳಬೇಕು, ಹಲಗೆ ಮಾತಾಡಬೇಕು, ಎಂದರು. ನಾನೂ ಅವರೂ ಒಂದೇ ಕಸುಬಿನವರು ಎಂದು ಆಗ ಅನ್ನಿಸಿತು.

ಅದೇ ಸಂಜೆ ಶೇಂಗಾ ಮಂಡಿಯ ಹಮಾಲರು ಎಂಟು ಜನ ಬಂದು ಪಿಯಾನೋ ಸಾಗಿಸಿದರು. ಅವರ ಮುಖಂಡ ಒಂದು ಮೂಲೆ ಎತ್ತಿ ನೋಡಿ ಕೆಳಗಿಟ್ಟ.

"ಅಮ್ಮಾರ, ಇದ್ರೊಳಗ ಯಾರ್ನ ಇಟ್ಟೀರಿ? ಖರೇ ಹೇಳ್ರಿ."

"ಕಬ್ಬಿಣದ ಫ್ರೇಮ್ ಇದೆಯಪ್ಪ."

"ಶೇಂಗಾ ಚೀಲ ಇದ್ದಂಗ ಇರ್ತೈತಿ ಅಂದಿದ್ರಲ್ರಿ ಸಾಲಿ ಹೆಡ್ ಮೇಡಮ್ಮಾರು. ಇಂಥಾ ಶೇಂಗಾ ಯಾವ ಹೊಲದಾಗ ಬೆಳೀತಾರೋ!"

ಬೈದುಕೊಳ್ಳುತ್ತಲೇ, ಅಡ್ಡ ಹಲಗೆ ಇಟ್ಟು, ಹಗ್ಗ ಹಾಕಿ, ಅಟ್ಟದ ಮೇಲೆ ಏರಿಸಿದರು. ಅಲುಗಾಟಕ್ಕೆ ಶ್ರುತಿ ಎಲ್ಲ ಹೋಗಿತ್ತು. ಮರುದಿನ ಬೆಳಿಗ್ಗೆ ಛತ್ರಿ ಕಟ್ಟಿಕೊಂಡು ಕೂತು, ಮತ್ತೆ ಎಲ್ಲ ತಂತಿ ಎಳೆದೆ.

ತಪ್ಪು ನಡೆದದ್ದು ಅದಾದ ಮೇಲೆ. ಮೇಷ್ಟ್ರ ಮಗಳು ತನ್ನ ಬೂಟಿನ ಒಂದು ಮೊಳೆ ಸಡಿಲಾಗಿದೆಯೆಂದು ರಿಪೇರಿಗೆ ಹರಪನಹಳ್ಳಿಗೆ ಹೋಗಿದ್ದಳು. ಮೇಷ್ಟ್ರು ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಅಟ್ಟವನ್ನೇ ನೋಡುತ್ತ ನಿಂತಿದ್ದರು. ಏನೋ ಬಾಕಿ ಇದ್ದಂತೆ ಕಂಡಿತು. ಬಯಲಾಟದವರು ಅಟ್ಟಕ್ಕೆ ಪೂಜೆ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಇವರು ನನ್ನ ಕಾನ್ವೆಂಟ್ ಇಂಗ್ಲಿಷ್ ಕಂಡು ಸಂಕೋಚಪಡುತ್ತಿರಬೇಕು ಎಂದುಕೊಂಡೆ. ಪಕ್ಕದ ಅಂಗಡಿಯಿಂದ ಕಾಯಿ, ಅರಿಶಿನ, ಕುಂಕುಮ ತರಿಸಿ ನಾನೇ ಅವರ ಕೈಗಿಟ್ಟೆ. ಅವರ ಮುಖ ಅರಳಿತು. ಮುಂದಿನ ಕಂಬಕ್ಕೆ ಅರಿಶಿನ ಹಚ್ಚಿ, ಕಾಯಿ ಒಡೆದು, ಬರಿಗಾಲಲ್ಲಿ ಅಟ್ಟ ಹತ್ತಿ ಮೂರು ಹೆಜ್ಜೆ ಹಾಕಿದರು. ಹಲಗೆ ಗುಡುಗಿತು. ನಾನು ಚಪ್ಪಾಳೆ ತಟ್ಟಿದೆ. ಐ ವಾಸ್ ಸೋ ಪ್ಲೀಸ್ಡ್ ವಿತ್ ಮೈಸೆಲ್ಫ್.

ಮಧ್ಯಾಹ್ನ ನರ್ತಕಿ ಬಸ್ಸಿಳಿದು ಬಂದವಳು ಕಂಬದ ಮೇಲಿನ ಅರಿಶಿನ ನೋಡಿ ನಿಂತುಬಿಟ್ಟಳು.

"ಕಾಯಿ ಯಾರು ಒಡಿಸಿದ್ರು?"

"ನಾನೇ," ಎಂದೆ.

"ಮಿಸ್..." ಎಂದು ಬೂಟಿನ ಚೀಲವನ್ನು ಎದೆಗೆ ಒತ್ತಿಕೊಂಡಳು. "ಪೂಜಿ ಬ್ಯಾಡ ಅಂತ ಬಡಿಗ್ಯಾರಿಗೆ ಹೇಳಿದ್ದೆ. ಅಪ್ಪಾಗ ಹೆಂಗೋ ಒಪ್ಪಿಸಿದ್ದೆ. ನಿಮಗೊಬ್ಬರಿಗೆ ಹೇಳಾದು ಮರ್ತೆ."

ಆಗ ನನಗೆ ಅರ್ಥವಾಯಿತು. ಪೂಜೆಯಾದ ಅಟ್ಟದ ಮೇಲೆ ಮೆಟ್ಟು ಹಾಕಿಕೊಂಡು ಯಾರೂ ಹತ್ತುವಂತಿಲ್ಲ. ಪೂಜೆಯಾಗದಿದ್ದರೆ ಅದು ಬರಿ ಹಲಗೆ, ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ದಾರಿಯನ್ನು ನಾನು ಕಾಯಿ ಒಡೆಸಿ ಮುಚ್ಚಿದ್ದೆ.

ಮೇಷ್ಟ್ರು ಹತ್ತಿರ ಬಂದರು. "ಏನಾತು?"

"ಅಪ್ಪಾ, ನಾನು ಬೂಟ್ ಹಾಕ್ಕೊಂಡು ಆಡಾಕಿ. ನಿಮಗ ಹೇಳೀನಿ."

"ಈಗ ಪೂಜಿ ಆತು. ಬಿಚ್ಚಿ ಆಡು."

"ಬಿಚ್ಚಿದ್ರ ಸಪ್ಪಳ ಎಲ್ಲಿಂದ ಬರ್ತೈತಿ? ಬೂಟೇ ನನ್ನ ಮದ್ದಳಿ."

"ಮದ್ದಳಿ ಯಾರಾರ ಕಾಲಿಗೆ ಹಾಕ್ಕೊಂತಾರೇನು? ನಲವತ್ತು ವರ್ಷ ಈ ಹಲಗಿ ಮ್ಯಾಲೆ ನಾ ಮೆಟ್ಟು ಇಟ್ಟಿಲ್ಲ. ಮಗಳು ಇಟ್ಟಾಗ ಮುಂದ ಕುಂತು ನೋಡು ಅಂತೀಯೇನು? ನಾ ನೋಡಂಗಿಲ್ಲ."

"ಹಂಗಾದ್ರ ನಾನು ಯಾಕ ಬಂದೆ?"

ಶಾಲೆಯ ಹೆಡ್‌ಮಿಸ್ಟ್ರೆಸ್ ನಡುವೆ ಬಂದರು. ಪಾಪ, ಅವರಿಗೆ ಮರುದಿನದ ಚಿಂತೆ. "ಮ್ಯಾಲೆ ಜಮಖಾನ ಹಾಸಿಬಿಡೋಣ್ರಿ. ಬೂಟು ಹಲಗೀಗೆ ತಾಗಂಗಿಲ್ಲ, ಪೂಜಿಗೂ ಧಕ್ಕಿಲ್ಲ."

"ಛೇ, ಸಪ್ಪಳ ಸಾಯ್ತೈತಿ!" ಎಂದರು ಅಪ್ಪ, ಮಗಳು, ಇಬ್ಬರೂ ಒಟ್ಟಿಗೆ. ಹೇಳಿದ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದರು.

ಅವಳು ಹೋಗಿ ಕಾಂಪೌಂಡಿನ ಬೇವಿನ ಮರದ ಕೆಳಗೆ ಕೂತಳು. ಅಳುತ್ತಿರಲಿಲ್ಲ. ಬೂಟಿನ ಮೊಳೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ನಾನು ಪಿಯಾನೋ ಪಕ್ಕದ ಸ್ಟೂಲಿನಲ್ಲಿ ಕೂತೇ ಇದ್ದೆ. ಎದ್ದು ಸಮಾಧಾನ ಹೇಳುವಷ್ಟು ತ್ರಾಣ ಇರಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿಬಿಡೋಣ ಅನ್ನಿಸಿತು. ಬಾಗಿಲು ಎಂದುಕೊಂಡಾಗ ನಮ್ಮ ತಲಬಾಗಿಲು ಕಣ್ಣ ಮುಂದೆ ಬಂತು. ನಮ್ಮ ಅಜ್ಜನ ಕಾಲದ ಸಾಗವಾನಿ, ಎರಡು ಕದ, ಎರಡು ಬೆರಳು ದಪ್ಪ. ಹೊರಮೈಗೆ ಹಿತ್ತಾಳೆಯ ಗುಬ್ಬಿ, ಒಳಮೈ ನುಣ್ಣಗೆ. ತಿರುಗುಣಿಯಿಂದ ಎತ್ತಿದರೆ ಕಳಚಿ ಬರುತ್ತದೆ.

"ಮೇಷ್ಟ್ರೇ," ಎಂದು ಕೂತಲ್ಲಿಂದಲೇ ಕೇಳಿದೆ, "ಮನೆಯ ಬಾಗಿಲ ಮೇಲೆ ಮೆಟ್ಟು ಇಡಬಹುದಾ?"

ಅವರು ರುಮಾಲು ಸರಿಮಾಡಿಕೊಂಡು ಯೋಚಿಸಿದರು. "ಹೊಸ್ತಿಲಿಗೆ ಪೂಜಿ ಐತಿ. ಚೌಕಟ್ಟಿಗೆ ಐತಿ. ಕದಕ್ಕೇನೈತ್ರಿ? ಕದ ಬರೇ ಕಟ್ಟಿಗಿ. ಯಾಕ್ರಿ?"

"ಅವಳು ಅಟ್ಟದ ಮೇಲೆ ಆಡೋದು ಬೇಡ. ಅಟ್ಟದ ಮುಂದೆ, ನೆಲದ ಮೇಲೆ ಆಡಲಿ. ನಮ್ಮ ತಲಬಾಗಿಲ ಕದ ಹಾಸಿಕೊಂಡು. ಪಿಯಾನೋನೂ ಇಳಿಸಿಬಿಡಿ. ನಾನೊಬ್ಬಳೇ ಮೇಲೆ ಕೂತು ಏನು ಮಾಡಲಿ?"

ಹಮಾಲರಿಗೆ ಮತ್ತೆ ಹೇಳಿ ಕಳಿಸಿದೆವು. ಮುಖಂಡ ಬಂದವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ.

"ನಿನ್ನೆ ಏರಿಸಾದು, ಇವತ್ತು ಇಳಸಾದು! ಅಮ್ಮಾರ, ನಾಳೆ ಗುಡ್ಡಕ್ಕ ಹತ್ತಸ್ತೀರೇನ್ರಿ? ಉಚ್ಚಂಗಿದುರ್ಗ ಹತ್ರಾನ ಐತಿ."

ಇಳಿಸಿದರು. ಮಣ್ಣಿನಲ್ಲಿ ಹೂಳದಂತೆ ಗಾಲಿಯ ಕೆಳಗೆ ಕಲ್ಲಿನ ಚಪ್ಪಡಿ ಇಟ್ಟರು. ಶ್ರುತಿ ಮೂರನೆಯ ಸಲ ಹೋಯಿತು. ಪೂರ್ತಿ ಮಾಡಲು ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಆ ತುಣುಕಿಗೆ ಬೇಕಾದ ನಡುವಿನ ಸಪ್ತಕಗಳನ್ನು ಮಾತ್ರ ಸರಿಮಾಡಿ, ಉಳಿದದ್ದನ್ನು ಬಿಟ್ಟೆ.

ಕದಗಳು ಎತ್ತಿನ ಗಾಡಿಯಲ್ಲಿ ಬಂದವು. ಒಳಮೈ ಮೇಲೆ ಬರುವಂತೆ ನೆಲಕ್ಕೆ ಹಾಸಿದರು. ನರ್ತಕಿ ಬೂಟು ಹಾಕಿಕೊಂಡು ಒಂದು ಪೆಟ್ಟು ಕೊಟ್ಟಳು. ತಪ್ ಎಂದಿತು, ಹಸಿ ಮಡಕೆ ಬಡಿದಂತೆ. ಇನ್ನೊಂದು ಕೊಟ್ಟಳು. ಅದೇ. ಮುಖ ಇಳಿಸಿಕೊಂಡಳು. ನಾನೂ ಇಷ್ಟೇ ಎಂದುಕೊಂಡೆ.

ಮೇಷ್ಟ್ರು ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದರು. ಮೂರನೆಯ ಪೆಟ್ಟಿಗೆ ಬೀಡಿ ಬಿಸಾಕಿದರು.

"ಏನ್ ಹೊಡಿತೀ ಹೆಣ ಹೊಡದಂಗ? ಕೆಳಗ ಗಾಳಿ ಇಲ್ಲ. ಸರಿ ಅತ್ತಾಗ." ಹಮಾಲರ ಕಡೆ ತಿರುಗಿ, "ಲೇ, ಗುದ್ದಲಿ ತರ್ರಿ" ಎಂದರು.

ಕದದ ಅಳತೆಗೆ ಮೊಳದಷ್ಟು ಆಳದ ಗುಂಡಿ ತೋಡಿಸಿದರು. ಅಡ್ಡಕ್ಕೆ ಎರಡು ತೊಲೆ ಇಟ್ಟು ಮೇಲೆ ಕದ ಕೂರಿಸಿದರು. ಎರಡು ಕದ ಸೇರುವ ಸಂದಿಯಲ್ಲಿ ಹಿಮ್ಮಡಿ ಸಿಕ್ಕಿಕೊಳ್ಳಬಾರದೆಂದು ಕೆಳಗಿನಿಂದ ಪಟ್ಟಿ ಬಿಗಿದು, ಅಂಚಿಗೆ ಬೆಣೆ ಹೊಡೆದರು. ಆಮೇಲೆ ಮೊಣಕಾಲೂರಿ, ಕಿವಿ ಹಚ್ಚಿ, ಗೆಣ್ಣಿನಿಂದ ಕುಟ್ಟುತ್ತ ಹೋದರು. "ಇಲ್ಲಿ ಗಂಟಲು ಕಟ್ಟೈತಿ," ಎಂದು ಒಂದು ತೊಲೆಯನ್ನು ನಾಲ್ಕು ಬೆರಳು ಸರಿಸಿದರು.

"ಈಗ ಹೊಡಿ."

ಹೊಡೆದಳು. ಕದ ಮಾತಾಡಿತು. ಶಾಲೆಯ ಗೋಡೆಗೆ ಬಡಿದು ವಾಪಸ್ಸು ಬಂತು.

"ಹನ್ನೆರಡೂ ಹೊಡಿ." ಹೊಡೆದಳು. ಅವರು ತಲೆ ಓರೆ ಮಾಡಿ ಬೆರಳು ಮಡಚುತ್ತ ಕೇಳಿದರು. "ಮೂರು ಮೂರು ನಡದು, ಆಮ್ಯಾಲೆ ಎರಡೆರಡು ಹಾಕ್ಕೊಂಡು ಓಡ್ತೈತಿ. ಕುಂಟ ತಾಳ ಇದು."

"ಕುಂಟ ಅಲ್ಲಪ್ಪಾ!"

"ಕುಂಟ ಅಂದ್ರ ಕೆಟ್ಟದ್ದು ಅಂದೆನೇನು?" ಎಂದು ಎದ್ದು, ಮೊಣಕಾಲಿನ ಮಣ್ಣು ಝಾಡಿಸಿಕೊಂಡರು.

"ನಾಳೆ ಮುಂದ ಕುಂದ್ರತೀರಿ ಅಲ್ಲ?" ಎಂದು ಅವಳು ಕೇಳಿದಳು. ಅವರು ಗುದ್ದಲಿ ಎತ್ತಿಕೊಂಡು ಹೋದರು.

ಆ ರಾತ್ರಿ ನಾನು ಬಾಗಿಲಿಲ್ಲದ ಮನೆಯಲ್ಲಿ, ಚೌಕಟ್ಟಿಗೆ ಹಳೆ ಸೀರೆ ಅಡ್ಡ ಕಟ್ಟಿ ಮಲಗಿದೆ. ಕಳ್ಳ ಬಂದರೂ ಒಯ್ಯಲು ಪಿಯಾನೋ ಇರಲಿಲ್ಲ.

ಕಾರ್ಯಕ್ರಮ ಸಂಜೆ ಐದಕ್ಕೆ, ಬಿಸಿಲು ಇಳಿಯುವ ಹೊತ್ತು. ಮಕ್ಕಳು ಮುಂದೆ, ಹೆಂಗಸರು ಒಂದು ಕಡೆ, ಮಂಡಿಯ ಕೆಲಸ ಬಿಟ್ಟು ಬಂದ ಹಮಾಲರು ಕಾಂಪೌಂಡಿನ ಮೇಲೆ. ನಮ್ಮ ಬೆನ್ನ ಹಿಂದೆ ಖಾಲಿ ಅಟ್ಟ, ಅದರ ಮೇಲೆ ಒಂದು ದೀಪ. ಮುಂದಿನ ಸಾಲಿನ ನಡುವೆ ಮೇಷ್ಟ್ರಿಗೆಂದು ಹಾಕಿದ ಕುರ್ಚಿ. ಅದೂ ಖಾಲಿ. ಅವಳು ಕಪ್ಪು ಲಂಗದ ಅಂಚು ಹಿಡಿದು ಕದದ ಮೇಲೆ ಬಂದು ನಿಂತಾಗ ಆ ಕುರ್ಚಿಯನ್ನು ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಲೆಯಾಡಿಸಿದಳು.

ಮೊದಲ ಎರಡು ಸುತ್ತು ನಾನು ಏನನ್ನೂ ಕೇಳಲಿಲ್ಲ, ಎಣಿಸುತ್ತಿದ್ದೆ. ಅವಳ ಹಿಮ್ಮಡಿ ನನ್ನ ಎಡಗೈಯ ಜೊತೆ ಬೀಳುತ್ತಿತ್ತು, ಮುಂಗಾಲು ಬಲಗೈಯ ಜೊತೆ. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಮೂರನೆಯ ಸುತ್ತಿನ ಆ ಓಟ ಬಂತು. ಎರಡು ದಿನ ಕೂತು ಬದಲಿಸಿಕೊಂಡಿದ್ದೆ, ಆದರೆ ದಣಿದ ಕೈ ಹಳೆಯ ದಾರಿಯನ್ನೇ ಹಿಡಿಯಿತು. ಉಂಗುರದ ಬೆರಳು ಇಳಿಯಿತು, ಮಡಚಿತು, ಸಿಕ್ಕಿಬಿತ್ತು.

ಹತ್ತರ ಪೆಟ್ಟು ಬರಬೇಕಿದ್ದಲ್ಲಿ ನನ್ನಲ್ಲಿ ಏನೂ ಇರಲಿಲ್ಲ. ಎಡಗೈ ತಂದು ಬೆರಳು ಬಿಡಿಸಿಕೊಳ್ಳುವಷ್ಟು ಹೊತ್ತು ಬಯಲೆಲ್ಲ ಮೌನ. ಅವಳ ಕಾಲು ಬಿದ್ದೇಬಿಡುತ್ತದೆ, ನಾನು ಹಿಂದೆ ಉಳಿಯುತ್ತೇನೆ ಎಂದುಕೊಂಡು ಕತ್ತೆತ್ತಿದೆ. ಅವಳ ಎಡಗಾಲು ನೆಲದಿಂದ ಗೇಣುದ್ದ ಮೇಲೆ ನಿಂತಿತ್ತು. ಬಲಗಾಲ ಮೇಲೆ ಇಡೀ ಮೈ ಬಿಟ್ಟು, ಕೈ ಮೇಲೆತ್ತಿ, ನನ್ನನ್ನು ನೋಡದೆ ನಿಂತಿದ್ದಳು. ನಾನು ಮತ್ತೆ ಕೈಯಿಟ್ಟೆ. ಆ ಸ್ವರದ ಜೊತೆಗೇ ಅವಳ ಕಾಲು ಬಿತ್ತು.

ಆಮೇಲಿನದು ಸರಿಯಾಗಿ ನಡೆಯಿತು. ಚಪ್ಪಾಳೆ, ಶಾಲು, ಹೆಡ್‌ಮಿಸ್ಟ್ರೆಸ್ಸರ ಉದ್ದದ ಭಾಷಣ. ಕುರ್ಚಿ ಕೊನೆಯವರೆಗೂ ಖಾಲಿಯೇ ಇತ್ತು. ನಾನು ಸಾರಿ ಎಂದೆ. "ಯಾತಕ್ಕ ಮಿಸ್," ಎಂದು ಕೂತು ಬೂಟು ಬಿಚ್ಚಿದಳು. ಮರುದಿನ ಅವಳಿಗೆ ಬೆಂಗಳೂರಿನಲ್ಲಿ ಕ್ಲಾಸು ಇತ್ತು. ಬೆಳಗಿನ ಮೊದಲ ಬಸ್ಸಿಗೆ ಹೋದಳು.

ಹತ್ತು ಗಂಟೆಗೆ ಗಾಡಿ ಬಂತು. ಮೇಷ್ಟ್ರು ಕದ ತಂದಿದ್ದರು. ಬಡಿಗೇರನನ್ನು ಕರೆಯದೆ, ಗಾಡಿಯವನ ಕೈಲಿ ಹಿಡಿಸಿಕೊಂಡು, ಒಂದು ಕದವನ್ನು ಅವರೇ ತಿರುಗುಣಿಗೆ ಕೂರಿಸಿದರು. ಎರಡನೆಯದನ್ನು ಗೋಡೆಗೆ ಒರಗಿಸಿ ನಿಂತುಬಿಟ್ಟರು. ನುಣ್ಣಗಿದ್ದ ಒಳಮೈ ತುಂಬ ಮೊಳೆಯ ಗುರುತು. ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ತಗ್ಗು.

"ಕದ ಹಾಳಾತು ನಿಮ್ದು," ಎಂದರು.

"ಇರಲಿ. ನೀವು ಬರಲಿಲ್ಲ."

"ನಾ ನೋಡಂಗಿಲ್ಲ ಅಂದಿದ್ದೆ. ನೋಡಿಲ್ಲ. ಅಟ್ಟದ ಹಿಂದ ಕುಂತಿದ್ದೆ."

ಹೇಳುತ್ತ, ತಗ್ಗುಗಳ ಮೇಲೆ ಬೆರಳಾಡಿಸುತ್ತ ಬಂದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಹಿಮ್ಮಡಿಯ ಒಂದೇ ಗುರುತು, ಉಳಿದವಕ್ಕಿಂತ ಆಳವಾಗಿ ಕೊರೆದಿತ್ತು.

"ಇದು ಮೂರನೇ ಸುತ್ತಿಂದು," ಎಂದರು. "ಹತ್ತಕ್ಕ ಬರಬೇಕಿದ್ದ ಎಡಗಾಲು ಬರಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಅದು ಅವಳ ತಪ್ಪಲ್ಲ ಮೇಷ್ಟ್ರೇ. ನನ್ನ ಬೆರಳು ಸಿಕ್ಕಿಕೊಂಡಿತು."

"ಗೊತ್ತೈತ್ರಿ. ನಿಮ್ಮ ಪೆಟ್ಟಿಗಿ ನಿಂತದ್ದು ಕೇಳಿಸ್ತು. ಆಕಿ ಬಲಗಾಲು ಒತ್ತಿ ನಿಂತಾಳ, ನಿಮ್ಮ ಸಲುವಾಗಿ. ಹಂಗ ಕಾಯಾದು ನಾ ಎಷ್ಟೋ ಮಂದಿಗೆ ಕಲಿಸಾಕ ಹೋಗೀನಿ, ಬಂದಿಲ್ಲ."

ನಾನು ಫೋನ್ ತೆಗೆದು ನಂಬರ್ ಒತ್ತಿ ಅವರ ಕೈಗೆ ಕೊಟ್ಟೆ. ಬೇಡ ಬೇಡ ಎನ್ನುವಷ್ಟರಲ್ಲಿ ಆ ಕಡೆಯಿಂದ "ಹಲೋ, ಮಿಸ್?" ಎಂದು ಕೇಳಿಸಿತು. ಅವರು ಫೋನನ್ನು ಮುಖದಿಂದ ದೂರ ಹಿಡಿದು, ಬಯಲಿನಲ್ಲಿ ಕರೆಯುವವರಂತೆ ಜೋರಾಗಿ ಮಾತಾಡಿದರು.

"ಯವ್ವಾ, ನಾನು. ಬಾಗಿಲಾ ಕುಂದ್ರಸಾಕ ಬಂದೀನಿ." ಆ ಕಡೆ ಬಸ್ಸಿನ ಸದ್ದು ಕೇಳುತ್ತಿತ್ತು. "ನೀ ನಿಂತದ್ದು ಚಲೋ ಇತ್ತು."

ಫೋನ್ ನನ್ನ ಕೈಗೆ ಕೊಟ್ಟು, ಎರಡನೆಯ ಕದ ಎತ್ತಿ ಕೂರಿಸಿದರು. ಕಿವಿ ಹಚ್ಚಿ, ಗೆಣ್ಣಿನಿಂದ ಒಮ್ಮೆ ಕುಟ್ಟಿ ನೋಡಿ, ಮೆಲ್ಲಗೆ ಮುಚ್ಚಿ ತೆಗೆದರು.